ಮೇಷ್ಟ್ರ ಕಿವಿ, ನನ್ನ ಒರೆಸುಬಟ್ಟೆ

ಸಂತಾಪ ಸಭೆಗಳಲ್ಲಿ "ಬಂದು ಎರಡು ಮಾತು ಆಡಿ" ಎಂದು ಕರೆಯುವವರಿಗೆ ಎರಡೇ ಮಾತು ಆಡುವುದು ಎಷ್ಟು ಕಷ್ಟ ಎಂದು ಗೊತ್ತಿರುವುದಿಲ್ಲ. ಇಪ್ಪತ್ತು ಮಾತಾದರೆ ಸುಲಭ. ತೀರಿಕೊಂಡವರು ಸರಳ ಜೀವಿಗಳಾಗಿದ್ದರು, ಶಿಸ್ತಿನ ಮನುಷ್ಯರಾಗಿದ್ದರು, ಅವರ ಜಾಗ ತುಂಬುವುದು ಯಾರಿಂದಲೂ ಆಗದು ಎಂದು ಹೇಳುತ್ತಾ ಹೋದರೆ ಅಷ್ಟರಲ್ಲಿ ಕಾಫಿ ಬಂದುಬಿಡುತ್ತದೆ. ಹೋದ ಭಾನುವಾರ ನಮ್ಮ ಹೈಸ್ಕೂಲಿನ ಹಾಲಿನಲ್ಲಿ ಶಿವನಂಜಪ್ಪ ಮೇಷ್ಟ್ರ ಸಂತಾಪ ಸಭೆ ನಡೆಯಿತು. ಎಲ್ಲರೂ ಇಪ್ಪತ್ತಿಪ್ಪತ್ತು ಮಾತು ಆಡಿದ ಮೇಲೆ ಹೆಡ್‌ಮಾಸ್ಟರು ನನ್ನ ಕಡೆ ತಿರುಗಿ, "ಲ್ಯಾಬ್ ಅಟೆಂಡರ್ ಚಿಕ್ಕಣ್ಣ ಅವರ ಜೊತೆ ಬಹಳ ವರ್ಷ ಕೆಲಸ ಮಾಡಿದಾನೆ, ಎರಡು ಮಾತು ಆಡಲಿ" ಅಂದರು. ನಾನು ಎದ್ದೆ, ಮೇಜಿನವರೆಗೂ ಹೋದೆ, ಅಲ್ಲಿದ್ದ ನೀರು ಕುಡಿದೆ, ವಾಪಸು ಬಂದು ಕೂತೆ. ಸಭೆಯವರು ಇದನ್ನು ದುಃಖ ಅಂದುಕೊಂಡು ತಲೆ ತಗ್ಗಿಸಿದರು. ದುಃಖ ಇರಲಿಲ್ಲ ಅಂತಲ್ಲ. ಆದರೆ ಬಾಯಿಗೆ ಬಂದ ಎರಡು ಮಾತು ಸಭೆಯಲ್ಲಿ ಆಡುವಂಥದ್ದಾಗಿರಲಿಲ್ಲ. ಅವು ಇಷ್ಟೇ: ಓದಿದ್ದು ಲೋಯರ್ ಸೆಕೆಂಡರಿಯಾದರೂ ಈ ಸ್ಕೂಲಿನ ಫಿಸಿಕ್ಸ್ ಕ್ಲಾಸಿನಲ್ಲಿ ಆರು ವರ್ಷ ಯಾವ ಉತ್ತರ ಸರಿ, ಯಾವುದು ತಪ್ಪು ಎಂದು ತೀರ್ಮಾನ ಮಾಡುತ್ತಿದ್ದವನು ನಾನು.

ಇದು ಹೇಗಾಯಿತು ಎಂದು ಹೇಳಬೇಕು. ಆಗ ಜಯನಗರದಲ್ಲಿ ಮನೆಗಳಿಗಿಂತ ಸೈಟು ಗುರುತಿಸುವ ಕಲ್ಲುಗಳೇ ಜಾಸ್ತಿ. ನಾನು ಕೋಣನಕುಂಟೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದೆ. ನಮ್ಮ ಸ್ಕೂಲಿನ ಸುತ್ತ ಯಾವಾಗ ನೋಡಿದರೂ ಮನೆ ಕಟ್ಟುತ್ತಿದ್ದರು. ಒಂದು ಕಡೆ ಕಲ್ಲು ಒಡೆಯುವ ಸದ್ದು, ಇನ್ನೊಂದು ಕಡೆ ಗಾರೆ ಕಲಸುವವರ ಕೂಗಾಟ. ಹೀಗಾಗಿ ಶಿವನಂಜಪ್ಪ ಮೇಷ್ಟ್ರು ಹುಡುಗರಿಗೆ "ಏನು? ಗಟ್ಟಿಯಾಗಿ ಹೇಳು" ಎನ್ನಲು ಶುರು ಮಾಡಿದಾಗ ನಾವೆಲ್ಲ ಗಾರೆಯವರನ್ನೇ ಬೈದೆವು. ಸುತ್ತಲಿನ ಮನೆಗಳು ಎದ್ದು ನಿಂತವು, ಗೃಹಪ್ರವೇಶದ ಊಟಗಳೂ ಆದವು, ಕಲ್ಲು ಒಡೆಯುವವರು ಬನಶಂಕರಿ ಕಡೆಗೆ ಹೊರಟುಹೋದರು. ಮೇಷ್ಟ್ರ "ಏನು?" ಮಾತ್ರ ಉಳಿಯಿತು. ಆಮೇಲೆ ಅದೂ ನಿಂತಿತು. ಅದು ನಿಂತಾಗಲೇ ನನಗೆ ಭಯವಾದದ್ದು. ಕೇಳಿಸದವರು "ಏನು" ಎನ್ನುವುದನ್ನು ಬಿಟ್ಟರೆ, ಕೇಳಿಸಿದ ಹಾಗೆ ಇರುವುದನ್ನು ಕಲಿತರು ಎಂದೇ ಅರ್ಥ.

ಮೇಷ್ಟ್ರು ಹೆದರಿ ಹೀಗೆ ಮುಚ್ಚಿಟ್ಟದ್ದಕ್ಕೆ ಕಾರಣ ಇತ್ತು. ಹಿಂದಿನ ವರ್ಷ ಡ್ರಾಯಿಂಗ್ ಮೇಷ್ಟ್ರ ಕಣ್ಣು ಮಂಜಾದಾಗ ಒಂದು ಹಾರ, ಒಂದು ಶಾಲು ಕೊಟ್ಟು ಮನೆಗೆ ಕಳಿಸಿದ್ದರು. ಶಿವನಂಜಪ್ಪ ಮೇಷ್ಟ್ರಿಗೆ ಮನೆಗೆ ಹೋಗಿ ಮಾಡುವಂಥದ್ದೇನೂ ಇರಲಿಲ್ಲ. ಮಕ್ಕಳಿಲ್ಲ, ಇಸ್ಪೀಟು ಬರದು, ದೇವಸ್ಥಾನಕ್ಕೆ ಹೋದರೂ ಗಂಟೆಯ ಕೆಳಗೆ ನಿಂತು ಅದು ಯಾವ ಲೋಹದ್ದು ಎಂದು ನೋಡುವವರು. ಕ್ಲಾಸು ಹೋದರೆ ಅವರಿಗೆ ಉಳಿಯುವುದು ಮೈಮೇಲಿನ ಕೋಟು ಒಂದೇ.

ನಮ್ಮ ಏರ್ಪಾಡು ಶುರುವಾದದ್ದು ಯಾರೂ ಏರ್ಪಡಿಸದೆ. ಕ್ಲಾಸಿನ ಹಿಂದುಗಡೆ ಸಾಮಾನುಗಳ ಅಲಮಾರು, ಅದಕ್ಕೆ ಗಾಜಿನ ಬಾಗಿಲು. ಒಂದು ದಿನ ನಾನು ಅದನ್ನು ಒರೆಸುತ್ತಿದ್ದೆ. ಮೇಷ್ಟ್ರು ಪ್ರಶ್ನೆ ಕೇಳಿದರು, ಹುಡುಗ ಎದ್ದು ಉತ್ತರ ಹೇಳಿದ, ಮೇಷ್ಟ್ರ ಕಣ್ಣು ಅವನ ತಲೆಯ ಮೇಲಿಂದ ಹಾದು ನನ್ನ ಮೇಲೆ ನಿಂತಿತು. ನಾನು ಗಾಬರಿಯಾಗಿ ಬಟ್ಟೆಯನ್ನು ಮೇಲಿಂದ ಕೆಳಕ್ಕೆ ಎಳೆದೆ. "ಸರಿ, ಕೂತ್ಕೋ" ಅಂದರು. ಮುಂದಿನ ಹುಡುಗ ಏನೋ ಹೇಳಿದಾಗ ಇಡೀ ಕ್ಲಾಸು ನಕ್ಕಿತು; ನನ್ನ ಕೈ ತಾನಾಗೇ ಎಡದಿಂದ ಬಲಕ್ಕೆ ಹೋಯಿತು. "ತಪ್ಪು. ನೆಕ್ಸ್ಟ್" ಅಂದರು. ಅಲ್ಲಿಂದ ಮುಂದೆ ಅದೇ ಆಯಿತು. ಮೇಲಿಂದ ಕೆಳಕ್ಕಾದರೆ ಸರಿ, ಅಡ್ಡಡ್ಡ ಆದರೆ ತಪ್ಪು. ತಲೆ ಆಡಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಮ್ಮ ಕಡೆಯವರು ತಲೆ ಆಡಿಸಿದರೆ ಅದು ಹೌದೋ ಅಲ್ಲವೋ ಎಂದು ಎದುರಿಗಿದ್ದವರಿಗೆ ಇರಲಿ, ಆಡಿಸಿದವನಿಗೂ ಗೊತ್ತಾಗುವುದಿಲ್ಲ. ಬಟ್ಟೆಯಲ್ಲಿ ಆ ತಾಪತ್ರಯ ಇಲ್ಲ. ಇದರ ಬಗ್ಗೆ ನಾವಿಬ್ಬರೂ ಒಂದೇ ಒಂದು ಮಾತು ಆಡಿದವರಲ್ಲ. ಆ ಅಲಮಾರಿನ ಗಾಜು ಮಾತ್ರ ಇಡೀ ಸ್ಕೂಲಿನಲ್ಲೇ ಇಲ್ಲದಷ್ಟು ಹೊಳೆಯತೊಡಗಿತು. ಹೆಡ್‌ಮಾಸ್ಟರು ಬೇರೆ ಅಟೆಂಡರುಗಳನ್ನು ಕರೆತಂದು, "ನೋಡಿ, ಕೆಲಸ ಅಂದರೆ ಹೀಗಿರಬೇಕು" ಎಂದು ತೋರಿಸಿದರು. ಆ ಅಟೆಂಡರುಗಳು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ.

ತೊಂದರೆ ಒಂದೇ. ನನಗೆ ಫಿಸಿಕ್ಸ್ ಬರುತ್ತಿರಲಿಲ್ಲ. ಹಾಗಾದರೆ ಯಾವ ಆಧಾರದ ಮೇಲೆ ಒರೆಸುತ್ತಿದ್ದೆ? ದನಿಯ ಆಧಾರದ ಮೇಲೆ. ಎದೆಯೆತ್ತಿ ಜೋರಾಗಿ ಹೇಳಿದರೆ ಸರಿ, ತಡವರಿಸಿದರೆ ತಪ್ಪು. ದೊಡ್ಡ ದೊಡ್ಡ ಕಚೇರಿಗಳಲ್ಲೂ ಹೀಗೇ ನಡೆಯುತ್ತದೆ ಎಂದು ಆಮೇಲೆ ತಿಳಿದು ಸ್ವಲ್ಪ ಸಮಾಧಾನವಾಯಿತು. ಆದರೆ ಐದನೇ ವರ್ಷ ಕ್ಲಾಸಿಗೆ ಪುಟ್ಟರಾಜು ಎಂಬ ಹುಡುಗ ಬಂದ. ಹೊಸಕೆರೆಹಳ್ಳಿಯವನು, ನೆಲ ನೋಡಿಕೊಂಡು ಮಾತಾಡುವವನು. ಅವನು ಬಾಯಿ ಬಿಟ್ಟಾಗಲೆಲ್ಲ ನಾನು ಅಡ್ಡಡ್ಡ ಒರೆಸಿದೆ. ಒಂದು ತಿಂಗಳಾದ ಮೇಲೆ ಅವನು ಪುಸ್ತಕ ತೆರೆದು ಮೇಷ್ಟ್ರ ಮೇಜಿನ ಮೇಲಿಟ್ಟು, "ಸಾರ್, ನಾನು ಹೇಳಿದ್ದು ಇಲ್ಲೂ ಹಂಗೇ ಇದೆ ಸಾರ್" ಅಂದ. ಮೇಷ್ಟ್ರು ಓದಿದರು. ಕತ್ತೆತ್ತಿ ನನ್ನನ್ನು ನೋಡಿದರು. ಗಾಜಿನಲ್ಲಿ ನನ್ನ ಮುಖ ನನಗೇ ಸ್ವಚ್ಛವಾಗಿ ಕಾಣುತ್ತಿತ್ತು.

ಸಂಜೆ ಬೀಗ ಹಾಕುವಾಗ ಒಂದು ಹಳೇ ಪಠ್ಯಪುಸ್ತಕ ನನ್ನ ಕೈಗಿಟ್ಟು, "ಚಿಕ್ಕಣ್ಣ, ಅಲಮಾರು ಒರೆಸೋನಿಗೂ ಒಂದಿಷ್ಟು ಫಿಸಿಕ್ಸ್ ಗೊತ್ತಿದ್ದರೆ ಒಳ್ಳೇದು ಕಣಯ್ಯ" ಅಂದರು. ಅಷ್ಟೇ. ಮಾರನೆಯ ದಿನದಿಂದ ನಾನು ಕೊನೆ ಬೆಂಚಿನ ಹಿಂದೆ ನಿಂತ ವಿದ್ಯಾರ್ಥಿಯಾದೆ. ಶಬ್ದದ ಪಾಠ ನಡೆಯುತ್ತಿತ್ತು. ಸದ್ದು ಎಂದರೆ ನಡುಕ. ಅದು ಹಾದುಹೋಗಲು ಗಾಳಿಯೋ ನೀರೋ ಕಬ್ಬಿಣವೋ ಏನಾದರೊಂದು ಬೇಕು. ಏನೂ ಇಲ್ಲದ ಕಡೆ ಸದ್ದೂ ಇಲ್ಲ. ಇದನ್ನೆಲ್ಲ ಮನೆಯಲ್ಲಿ ಬಾಯಿಪಾಠ ಮಾಡಿದೆ. ನನ್ನ ಹೆಂಡತಿ, "ಕಬ್ಬಿಣದಲ್ಲಿ ಸದ್ದು ಜೋರಾಗಿ ಓಡುತ್ತಂತಾ? ಹಂಗಾದ್ರೆ ಆ ಬಾಣಲಿ ಮುಟ್ಟಿಕೊಂಡೇ ಕೂತ್ಕೊಳ್ಳಿ, ನಾನು ಕೂಗಿದ್ದು ಬೇಗ ಕೇಳುತ್ತೆ" ಅಂದಳು. ಪುಟ್ಟರಾಜುವಿಗೆ ನ್ಯಾಯ ಸಿಕ್ಕಿತು. ಅವನು ಹೇಳಿದ್ದೆಲ್ಲ ಸರಿಯೇ ಇರುತ್ತಿತ್ತು, ಬೇಜಾರಾಗುವಷ್ಟು.

ಈ ಗುಟ್ಟು ನಮ್ಮಿಬ್ಬರಿಗೇ ಗೊತ್ತು ಎಂದು ನಾನು ನಂಬಿದ್ದೆ. ಒಂದು ದಿನ ನಲ್ಲಿಯ ಹತ್ತಿರ ಬೀಕರು ತೊಳೆಯುತ್ತಿದ್ದಾಗ ಒಬ್ಬ ಹುಡುಗ ಪಕ್ಕಕ್ಕೆ ಬಂದು ನಿಂತ. "ಅಣ್ಣ, ನಾಳೆ ನನ್ನ ಸರದಿ. ಓದಿಲ್ಲ. ಒಂದ್ ಸಲ ಮೇಲಿಂದ ಕೆಳಕ್ಕೆ ಒರೆಸಿಬಿಡಣ್ಣ" ಅಂದ. ನನ್ನ ಕೈಯಲ್ಲಿದ್ದ ಬೀಕರು ಜಾರಿತು. "ಯಾರೋ ಹೇಳಿದ್ದು ನಿಂಗೆ?" "ಹೇಳೋದೇನಣ್ಣ, ಎಲ್ರಿಗೂ ಗೊತ್ತು. ಮೇಷ್ಟ್ರಿಗೆ ಹೇಳ್ಬೇಡ, ನೊಂದ್ಕೋತಾರೆ" ಅಂದ. ಹೀಗೆ ನಲವತ್ತು ಹುಡುಗರು, ನಾನು, ಮೇಷ್ಟ್ರು ಎಲ್ಲರೂ ಒಬ್ಬರಿಂದೊಬ್ಬರು ಒಂದೇ ಗುಟ್ಟನ್ನು ಬಚ್ಚಿಟ್ಟುಕೊಂಡು ಸುಖವಾಗಿದ್ದೆವು. ಮಾರನೆಯ ದಿನ ಆ ಹುಡುಗನ ಉತ್ತರಕ್ಕೆ ಅಡ್ಡಡ್ಡವೇ ಒರೆಸಿದೆ. ಅಷ್ಟು ಹೊತ್ತಿಗೆ ನನಗೂ ಕೊಂಚ ಶಾಸ್ತ್ರಜ್ಞಾನದ ಜಂಬ ಬಂದಿತ್ತು.

ಆಮೇಲೆ ಇನ್‌ಸ್ಪೆಕ್ಟರು ಬಂದರು. ಸ್ಕೂಲುಗಳ ಇನ್‌ಸ್ಪೆಕ್ಟರು ಎಂದರೆ ಆ ಕಾಲದಲ್ಲಿ ಬ್ಲಾಕ್‌ಬೋರ್ಡಿಗೂ ಬೆವರು ಬರುತ್ತಿತ್ತು. ಅವರಿಗೆ ತೋರಿಸಲು ಮೇಷ್ಟ್ರು ಆರಿಸಿಕೊಂಡದ್ದು ಗಂಟೆಯ ಪ್ರಯೋಗ. ಗಾಜಿನ ಜಾಡಿಯೊಳಗೆ ಬ್ಯಾಟರಿಯಿಂದ ಬಾರಿಸುವ ಒಂದು ಗಂಟೆ ಇರುತ್ತದೆ. ಪಂಪು ಹೊಡೆದು ಒಳಗಿನ ಗಾಳಿ ತೆಗೆಯುತ್ತಾ ಹೋದರೆ ಸದ್ದು ಸಣ್ಣದಾಗುತ್ತಾ ಕೊನೆಗೆ ಕೇಳಿಸದಂತಾಗುತ್ತದೆ. ಸುತ್ತಿಗೆ ಮಾತ್ರ ಹೊಡೆಯುತ್ತಲೇ ಇರುವುದು ಕಾಣುತ್ತದೆ. ಸದ್ದು ಯಾವಾಗ ನಿಂತಿತು ಎಂದು ಮೇಷ್ಟ್ರಿಗೆ ಗೊತ್ತಾಗುವ ಬಗೆ ಹೇಗೆ? ಪಂಪು ಹೊಡೆಯುವವನು ನಾನೇ. ಸದ್ದು ನಿಂತ ಕೂಡಲೇ ಹೆಗಲ ಮೇಲಿನ ಒರೆಸುಬಟ್ಟೆ ತೆಗೆದು ಕೈಗೆ ತಗೊಳ್ಳುತ್ತಿದ್ದೆ, ಅವರು ಘೋಷಿಸುತ್ತಿದ್ದರು.

ಆ ದಿನ ಪಂಪಿನ ಚರ್ಮದ ವಾಷರು ಒಣಗಿ ಸೀಳು ಬಿಟ್ಟಿತ್ತು. ಬೆಳಿಗ್ಗೆ ಹರಳೆಣ್ಣೆ ಹಚ್ಚಿದ್ದೆ, ಸಾಲಲಿಲ್ಲ. ನಾನು ಪಂಪು ಹೊಡೆಯುತ್ತೇನೆ, ಹೋದ ಗಾಳಿ ಹಾಗೇ ಹಿಂದಕ್ಕೆ ಬರುತ್ತದೆ. ಗಂಟೆ ಮದುವೆ ಮನೆಯ ಹಾಗೆ ಬಾರಿಸುತ್ತಿದೆ. ಇನ್ನೂ ಹೊಡೆದೆ. ಇನ್‌ಸ್ಪೆಕ್ಟರು ಗಡಿಯಾರ ನೋಡಿಕೊಂಡರು. ಬೆವರು ಹಣೆಯಿಂದ ಇಳಿದು ಕಣ್ಣಿಗೆ ಬಂತು. ಆಗ, ದೇವರಾಣೆಗೂ ಏನೂ ಯೋಚನೆ ಮಾಡದೆ, ಹೆಗಲ ಮೇಲಿನ ಬಟ್ಟೆ ತೆಗೆದು ಮುಖ ಒರೆಸಿಕೊಂಡೆ.

"ನೋಡಿ," ಮೇಷ್ಟ್ರು ಗಂಭೀರವಾಗಿ ಹೇಳಿದರು, "ಈಗ ಒಳಗೆ ಗಾಳಿ ಇಲ್ಲ. ಸುತ್ತಿಗೆ ಹೊಡೀತಾ ಇದೆ. ಆದರೆ ಸದ್ದು ಪೂರ್ತಿಯಾಗಿ ನಿಂತಿದೆ."

ಟ್ರಿಣ್ಣ್ಣ್ಣ್ ಎಂದು ಗಂಟೆ ಬಾರಿಸುತ್ತಲೇ ಇತ್ತು. ಇನ್‌ಸ್ಪೆಕ್ಟರು ಮೇಷ್ಟ್ರನ್ನು ನೋಡಿದರು, ಜಾಡಿಯನ್ನು ನೋಡಿದರು, ಹುಡುಗರ ಕಡೆ ತಿರುಗಿದರು. "ನಿಂತಿದೆಯೇನ್ರೋ?" ಅಂದರು. ಎಲ್ಲಾ ಮುಗಿಯಿತು ಅಂದುಕೊಂಡೆ. ಡ್ರಾಯಿಂಗ್ ಮೇಷ್ಟ್ರ ಹಾರ, ಶಾಲು ಕಣ್ಣೆದುರಿಗೆ ಬಂದವು. ಅಷ್ಟರಲ್ಲಿ ಪುಟ್ಟರಾಜು ಎದ್ದ. ಹುಟ್ಟಿದಾಗಿನಿಂದ ತಪ್ಪು ಉತ್ತರ ಹೇಳದ ಹುಡುಗ, ಮೊದಲ ಸಲ ಕತ್ತೆತ್ತಿ ಜೋರಾಗಿ, "ನಿಂತಿದೆ ಸಾರ್" ಅಂದ. ಕೂಡಲೇ ನಾಲ್ಕೂ ಮೂಲೆಯಿಂದ "ನಿಂತಿದೆ ಸಾರ್", "ಏನೂ ಕೇಳ್ತಿಲ್ಲ ಸಾರ್", "ಆವಾಗ್ಲೇ ನಿಂತೋಯ್ತು ಸಾರ್" ಎಂದು ಸಾಕ್ಷಿಗಳು ಎದ್ದವು. ಇನ್‌ಸ್ಪೆಕ್ಟರು ಬಗ್ಗಿ ಜಾಡಿಗೆ ಕಿವಿ ಕೊಟ್ಟರು. ನೆಟ್ಟಗಾಗಿ ನನ್ನನ್ನು, "ನೀನು ಹೇಳಯ್ಯ, ನಿನಗೆ ಕೇಳಿಸ್ತಿದೆಯಾ?" ಅಂದರು. ನಾನು ಬೆವರೊರೆಸಿಕೊಂಡು, "ನಿಂತು ಬಹಳ ಹೊತ್ತಾಯ್ತು ಸಾರ್" ಅಂದೆ. ಅವರು ಕಿರುಬೆರಳನ್ನು ಕಿವಿಯೊಳಗಿಟ್ಟು ಅಲುಗಾಡಿಸಿದರು. ಇನ್ನೊಂದು ಕಿವಿಗೂ ಹಾಗೇ ಮಾಡಿದರು. ಆಮೇಲೆ ಬಹಳ ಮೆತ್ತಗಿನ ದನಿಯಲ್ಲಿ "ಪ್ರಯೋಗ ಚೆನ್ನಾಗಿದೆ" ಎಂದು ಹೇಳಿ, ಗೋಡೆಯ ಪಕ್ಕದಲ್ಲೇ ಹುಷಾರಾಗಿ ನಡೆದು ಹೊರಟುಹೋದರು.

ಹುಡುಗರು ಆಟದ ಬಯಲಿಗೆ ಹೋದ ಮೇಲೆ ಮೇಷ್ಟ್ರು ಖುಷಿಯಾಗಿ ಸಾಮಾನು ಎತ್ತಿಡಲು ಬಂದರು. ಜಾಡಿಯ ತಿರುಪು ಬಿಚ್ಚಿದರೆ ಹೊರಗಿನ ಗಾಳಿ ಒಳಕ್ಕೆ ನುಗ್ಗುತ್ತದೆ, ಬೆರಳಿಟ್ಟರೆ ಸೆಳೆತ ಗೊತ್ತಾಗುತ್ತದೆ. ಅವರು ಬೆರಳಿಟ್ಟರು. ಏನೂ ತಾಗಲಿಲ್ಲ. ಕಿವಿ ಕೇಳಿಸದಿದ್ದರೇನು, ಬೆರಳಿಗೆ ಫಿಸಿಕ್ಸ್ ಬರುತ್ತಿತ್ತು.

"ಗಾಳಿ ಒಳಗೇ ಇತ್ತಲ್ಲಯ್ಯ."

ನಾನು ಪಂಪಿನ ಸೀಳು ಬಿಟ್ಟ ವಾಷರು ತೋರಿಸಿದೆ.

"ಗಂಟೆ ಕೇಳಿಸ್ತಿತ್ತಾ?"

ಕೈಯಲ್ಲಿದ್ದ ಬಟ್ಟೆಯನ್ನು ಮೇಲಿಂದ ಕೆಳಕ್ಕೆ ಎಳೆದೆ. ಅವರು ಸ್ಟೂಲಿನ ಮೇಲೆ ಕೂತರು. ತಮ್ಮ ಗುಟ್ಟು ಎಲ್ಲರಿಗೂ ಗೊತ್ತು ಎಂಬುದಕ್ಕೆ ನಾಚಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಅವರಿಗೆ ತಾಗಿದ್ದು ಬೇರೆ. "ನಲವತ್ತು ಜನ ಹುಡುಗರು ಕೇಳಿಸಿದ್ದನ್ನ ಕೇಳಿಸಲಿಲ್ಲ ಅಂದ್ರಾ? ಫಿಸಿಕ್ಸ್ ಕ್ಲಾಸಿನಲ್ಲಿ? ಪುಟ್ಟರಾಜೂನೂ?" ಅಂದರು. ಪುಟ್ಟರಾಜುವೇ ಮೊದಲು ಎಂದು ಹೇಳಲು ನನಗೆ ಧೈರ್ಯವಾಗಲಿಲ್ಲ.

ಮಾರನೆಯ ದಿನ ಕ್ಲಾಸಿಗೆ ಬಂದವರೇ ಬೋರ್ಡಿನ ಮೇಲೆ ಒಂದು ದೊಡ್ಡ ಕಿವಿ ಬರೆದರು. "ಈ ಕ್ಲಾಸಿನಲ್ಲಿ ಒಬ್ಬ ಕಿವುಡ ಇದ್ದಾನೆ. ಅದು ನಾನು. ಇವತ್ತಿನ ಪಾಠ ಅದೇ" ಅಂದರು. ಅಂಥ ಪಾಠ ನಾನು ಮತ್ತೆ ಕೇಳಿಲ್ಲ. ಕಿವಿಯ ತಮಟೆ, ಅದರ ಹಿಂದೆ ಮೂರು ಪುಟ್ಟ ಮೂಳೆಗಳು, ಬಸವನಹುಳುವಿನ ಚಿಪ್ಪಿನ ಹಾಗೆ ಒಂದು ಸುರುಳಿ, ಅಲ್ಲಿಂದ ಮಿದುಳಿಗೆ ನರ. ಕಿವುಡಿನಲ್ಲಿ ಎರಡು ಥರ. ದಾರಿ ಕಟ್ಟಿಕೊಂಡದ್ದು ಒಂದು; ದಾರಿ ಚೆನ್ನಾಗಿದ್ದು ಒಳಗಿನ ಸುರುಳಿಯೋ ನರವೋ ಸೋತದ್ದು ಇನ್ನೊಂದು. ಟ್ಯೂನಿಂಗ್ ಫೋರ್ಕನ್ನು ರಬ್ಬರಿಗೆ ಬಡಿದು, ಅದರ ಕಾಲನ್ನು ಒಬ್ಬ ಹುಡುಗನ ಕಿವಿಯ ಹಿಂದಿನ ಮೂಳೆಗೆ ಇಟ್ಟರು. "ಕೇಳುತ್ತೆ ಸಾರ್, ತಲೆಯೊಳಗೇ ಹಾಡ್ತಿದೆ!" ಅಂದ. ದಾರಿ ಕಟ್ಟಿಕೊಂಡವರಿಗೆ ಮೂಳೆಯ ಮೂಲಕ ಹೀಗೆ ಚೆನ್ನಾಗಿ ಕೇಳಿಸುತ್ತದಂತೆ. ಆಮೇಲೆ ತಮ್ಮ ಕಿವಿಯ ಹಿಂದೆ ಇಟ್ಟುಕೊಂಡು, "ನನಗೆ ಇಲ್ಲೂ ಇಲ್ಲ. ಆದ್ದರಿಂದ ನನ್ನದು ಎರಡನೇ ಥರ" ಎಂದು, ಬೇರೆ ಯಾರದೋ ಕಿವಿ ಎಂಬಂತೆ ಬೋರ್ಡಿನ ಮೇಲೆ ಗೀಟು ಹಾಕಿದರು. ಕೇಳುವ ಯಂತ್ರದ ಬಗ್ಗೆಯೂ ಹೇಳಿದರು. ಮಾತು ಹಿಡಿಯುವ ಮೈಕು, ಅದನ್ನು ದೊಡ್ಡದು ಮಾಡುವ ಭಾಗ, ಬ್ಯಾಟರಿ, ಕಿವಿಗೆ ಸಿಕ್ಕಿಸುವ ಗುಂಡಿ. ಪುಟ್ಟರಾಜು ಬೋರ್ಡಿಗೆ ಬಂದು "ಎರಡನೇ ಥರದವರಿಗೆ ಯಂತ್ರ ಉಪಯೋಗವೇ?" ಎಂದು ಬರೆದ. ಮೇಷ್ಟ್ರು, "ಸದ್ದು ದೊಡ್ಡದಾಗುತ್ತೆ. ಮಾತು ಬಿಡಿಸಿ ಕೇಳುತ್ತೋ ಇಲ್ಲವೋ, ಹಾಕ್ಕೊಂಡು ನೋಡಿದವರೇ ಹೇಳ್ಬೇಕು" ಅಂದರು. ನಾನು ಇದನ್ನು ನನ್ನ ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದುಕೊಂಡೆ.

ಅದೇ ದಿನ ಇನ್‌ಸ್ಪೆಕ್ಟರಿಗೆ ಕಾಗದ ಹೋಯಿತು: ಸ್ವಾಮಿ, ತಮ್ಮ ಕಿವಿ ಸರಿಯಾಗಿದೆ, ಗಂಟೆ ಬಾರಿಸುತ್ತಿದ್ದದ್ದು ನಿಜ, ಕೇಳಿಸದವನು ನಾನು, ಹುಡುಗರದೂ ಅಟೆಂಡರನದೂ ತಪ್ಪಿಲ್ಲ, ತಾವು ಹೇಳಿದಂತೆ ನಡೆದುಕೊಳ್ಳುತ್ತೇನೆ. ಹದಿನೈದು ದಿನ ನನಗೆ ಊಟ ಸೇರಲಿಲ್ಲ. ಕೊನೆಗೆ ಇನ್‌ಸ್ಪೆಕ್ಟರು ತಾವೇ ಬಂದರು. ಹೆಡ್‌ಮಾಸ್ಟರ ಎದುರಿಗೇ ಮೇಷ್ಟ್ರ ಎರಡೂ ಕೈ ಹಿಡಿದುಕೊಂಡು, "ನಿಜವಾಗ್ಲೂ ಬಾರಿಸ್ತಿತ್ತಾ? ದೊಡ್ಡಾಸ್ಪತ್ರೇಲಿ ಎರಡು ಸಲ ಕಿವಿ ತೊಳೆಸ್ಕೊಂಡೆ ಕಣ್ರೀ. ಮನೇಲಿ ಒಬ್ಬರಾದರೂ ನನ್ನ ಹತ್ತಿರ ಸರಿಯಾದ ದನಿಯಲ್ಲಿ ಮಾತಾಡ್ತಿಲ್ಲ, ಎಲ್ಲಾ ಕಿರುಚ್ತಾರೆ! ಇದನ್ನೇ ಇನ್ನೊಂದು ಕಾಗದದಲ್ಲಿ ನನ್ನ ಹೆಂಡತಿ ಹೆಸರಿಗೆ ಬರ್ಕೊಡಿ" ಅಂದರು. ಎರಡು ವಾರ ಡಾಕ್ಟರ ಬಾಗಿಲು ಕಾದು ಅವರು ಕೇಳುವ ಯಂತ್ರಗಳ ವಿಚಾರದಲ್ಲಿ ಪಂಡಿತರಾಗಿಬಿಟ್ಟಿದ್ದರು. ಎಲ್ಲಿ ಸಿಗುತ್ತದೆ, ಯಾವುದು ಒಳ್ಳೆಯದು ಎಂದು ಅವರೇ ಚೀಟಿ ಬರೆದುಕೊಟ್ಟರು. "ಅದನ್ನ ಹಾಕ್ಕೊಂಡು ಕೆಲಸ ಮಾಡಿ, ರಿಟೈರ್ ಆಗೋವರೆಗೂ ನಿಮ್ಮನ್ನ ಯಾರೂ ಅಲ್ಲಾಡಿಸಲ್ಲ" ಅಂದರು.

ಹೀಗೆ ಯಂತ್ರ ಬಂತು. ನಶ್ಯದ ಡಬ್ಬಿಗಿಂತ ಕೊಂಚ ದೊಡ್ಡದು, ಕೋಟಿನ ಮೇಲ್ಜೇಬಿನಲ್ಲಿ. ಅಲ್ಲಿಂದ ದಾರದಂಥ ಒಂದು ತಂತಿ ಕಿವಿಗೆ. ಮೊದಲ ದಿನ ಎಲ್ಲರೂ ಸುತ್ತ ನಿಂತು, "ಹೇಗೆ ಕೇಳುತ್ತೆ ಸಾರ್?" ಎಂದು ಕೇಳಿದೆವು. ಮೇಷ್ಟ್ರು ನಗುತ್ತಾ, "ಸೊಗಸಾಗಿ ಕೇಳುತ್ತೆ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಚಿಕ್ಕಣ್ಣ, ಇನ್ನು ನೀನು ಆ ಗಾಜು ಸವೆಸೋದು ಬೇಡ, ಸ್ಟೋರಿನ ಕೆಲಸ ನೋಡ್ಕೊ" ಅಂದರು.

ಈ ಮಾತಿಗೆ ನಾನು ಸಂತೋಷಪಡಬೇಕಾಗಿತ್ತು. ಪಡಲಿಲ್ಲ. ಆರು ವರ್ಷ ಸರಿ ತಪ್ಪು ಹೇಳಿದವನಿಗೆ ಇದ್ದಕ್ಕಿದ್ದಂತೆ ಬೀಕರು ಎಣಿಸು ಅಂದರೆ ಹೇಗಾಗಬೇಡ? ಜೇಬಿನಲ್ಲಿ ಹಿಡಿಸುವ ಒಂದು ಡಬ್ಬಿ ನನ್ನ ಕೆಲಸ ಕಿತ್ತುಕೊಂಡಿತಲ್ಲ ಎಂದು ಮುಖ ಊದಿಸಿಕೊಂಡು ಸ್ಟೋರು ಸೇರಿದೆ. ಕರೆದರೆ ಬರುತ್ತಿದ್ದೆ, ಸಾಮಾನು ಇಡುತ್ತಿದ್ದೆ, ಹೋಗುತ್ತಿದ್ದೆ. ಕ್ಲಾಸು ನಡೆಯುವಾಗ ಅಲಮಾರಿನ ಕಡೆ ಕಾಲಿಡಲಿಲ್ಲ. ಮೇಷ್ಟ್ರು ಈಗ ಹುಡುಗರಿಂದ ಉತ್ತರ ಹೇಳಿಸುವುದನ್ನು ಕಡಿಮೆ ಮಾಡಿದ್ದಾರೆ, "ಬಾ, ಬೋರ್ಡ್ ಮೇಲೆ ಬರಿ" ಎನ್ನುತ್ತಾರೆ ಎಂದು ಕಿಟಕಿಯಿಂದ ಕಾಣುತ್ತಿತ್ತು. ಹೊಸ ಯಂತ್ರ ಬಂದ ಮೇಲೆ ಹೊಸ ಪದ್ಧತಿಯೂ ಬಂತು, ಬರಲಿ, ಎಂದುಕೊಂಡೆ. ಹೀಗೆ ಮೂರು ವರ್ಷ. ಅವರು ರಿಟೈರಾದ ದಿನ ನಾನೇ ಹಾರ ತಂದೆ. ಆ ಹೊತ್ತಿನಲ್ಲೂ ಮುಖದ ಊತ ಪೂರ್ತಿ ಇಳಿದಿರಲಿಲ್ಲ ಎಂದು ಈಗ ಹೇಳಿಕೊಳ್ಳಲು ಹಿಂಸೆಯಾಗುತ್ತದೆ.

ಸಂತಾಪ ಸಭೆ ಮುಗಿದ ಮೇಲೆ ಮೇಷ್ಟ್ರ ಹೆಂಡತಿ ಗೌರಮ್ಮನವರನ್ನು ಮನೆಯವರೆಗೂ ಬಿಡಲು ಹೋದೆ. ನಡುಮನೆಯಲ್ಲಿ ಕೂರಿಸಿ, ಒಳಗಿನಿಂದ ಆ ಯಂತ್ರ ತಂದು ನನ್ನ ಕೈಗಿಟ್ಟರು. "ಲ್ಯಾಬಿನಲ್ಲಿ ಇಟ್ಕೊಳ್ಳಿ ಚಿಕ್ಕಣ್ಣ, ಹುಡುಗರಿಗೆ ತೋರಿಸೋಕಾದ್ರೂ ಆಗುತ್ತೆ. ಅವರಿಗಂತೂ ಅದರಿಂದ ಏನೂ ಆಗಲಿಲ್ಲ" ಅಂದರು.

"ಸೊಗಸಾಗಿ ಕೇಳುತ್ತೆ ಅಂತಿದ್ರಲ್ಲ ಅಮ್ಮ?"

"ಅಯ್ಯೋ, ಮನೆಗೆ ಬಂದ ತಕ್ಷಣ ಕಿತ್ತು ಗೂಡಿನಲ್ಲಿಡ್ತಿದ್ರು. ಬರೀ ಗಲಾಟೆ, ಒಂದು ಮಾತೂ ತಿಳಿಯಲ್ಲ ಅಂತಿದ್ರು. ಹಂಗಾದ್ರೆ ಯಾಕ್ರೀ ಹಾಕ್ಕೋತೀರಿ ಅಂದೆ. ಅದಕ್ಕವರು, ಪಾಪ, ಚಿಕ್ಕಣ್ಣ ನನಗೋಸ್ಕರ ಆರು ವರ್ಷ ನಿಂತುಕೊಂಡೇ ಪಾಠ ಕೇಳಿದಾನೆ ಕಣೆ, ಅವನಿಗೆ ಕಾಲುನೋವು, ಇದು ಇದ್ದರೆ ಅವನಾದರೂ ಸ್ಟೋರಿನಲ್ಲಿ ಕೂತ್ಕೋತಾನೆ ಅಂದ್ರು."

ನನಗೆ ಕಾಲುನೋವು ಇದ್ದದ್ದು ಒಂದೇ ವಾರ, ಸೈಕಲ್ಲಿನಿಂದ ಬಿದ್ದಾಗ. ಸುಮ್ಮನೆ ಕೂರಲಾಗದೆ ಯಂತ್ರವನ್ನು ಜೇಬಿಗೆ ಹಾಕಿಕೊಂಡು ಗುಂಡಿಯನ್ನು ಕಿವಿಗೆ ಸಿಕ್ಕಿಸಿ ತಿರುಪು ತಿರುಗಿಸಿದೆ. ಬ್ಯಾಟರಿಯಲ್ಲಿ ಇನ್ನೂ ಜೀವ ಇತ್ತು. ನನ್ನ ಅಂಗಿಯ ಬಟ್ಟೆ ಉಜ್ಜಿದ ಸದ್ದು ಗರಗಸದ ಹಾಗೆ ಕೇಳಿತು. ಹೊರಗಿನ ಕಾಗೆ, ಬೀದಿಯ ಜಟಕಾ, ಅಡುಗೆಮನೆಯ ಪಾತ್ರೆ, ನನ್ನದೇ ಉಸಿರು, ಎಲ್ಲಾ ಒಂದೇ ಅಳತೆಯಲ್ಲಿ ಒಟ್ಟಿಗೆ ಮೇಲೆ ಬಿದ್ದವು. ನನ್ನವು ಗಟ್ಟಿಮುಟ್ಟಾದ ಕಿವಿಗಳು. ಹಾಗಿದ್ದೂ ಎದುರಿಗೆ ಕೂತಿದ್ದ ಗೌರಮ್ಮನವರ ಮಾತು ಅದರೊಳಗೆ ಎಲ್ಲೋ ಸಿಕ್ಕಿಹಾಕಿಕೊಂಡಿತ್ತು. ಇದನ್ನು ಕಿವಿಗೆ ಇಟ್ಟುಕೊಂಡು ಮೂರು ವರ್ಷ ಅವರು ಒಬ್ಬರೇ ಬೋರ್ಡಿನ ಮುಂದೆ ನಿಂತಿದ್ದರು. ಇಪ್ಪತ್ತು ಹೆಜ್ಜೆ ಆಚೆ ಸ್ಟೋರಿನಲ್ಲಿ ನಾನು ಸಿಟ್ಟು ಮಾಡಿಕೊಂಡು ಬೀಕರು ಎಣಿಸುತ್ತಿದ್ದೆ.

ಗೌರಮ್ಮನವರ ತುಟಿ ಅಲುಗಿತು. ಮುಖದಲ್ಲಿ ಏನೋ ಆಸೆ ಇತ್ತು. ಏನು ಕೇಳುತ್ತಿದ್ದಾರೆ ಎಂದು ಊಹಿಸುವುದು ಕಷ್ಟವಾಗಿರಲಿಲ್ಲ.

"ಸೊಗಸಾಗಿ ಕೇಳುತ್ತೆ ಅಮ್ಮ" ಅಂದೆ. ಬೇಕಾದ್ದಕ್ಕಿಂತ ಜೋರಾಗಿ ಹೇಳಿದೆ ಅಂತ ಕಾಣುತ್ತದೆ. ಎದುರು ಮನೆಯವರು ಬಾಗಿಲು ತೆಗೆದು ಆಚೆ ಬಂದು ನೋಡಿದರು.